ಏಣಿ ಬಿಟ್ಟುಕೊಂಡ ಬಸ್ಸು

ನಮ್ಮ ಹಾಸ್ಟೆಲ್ಲಿನ ಮುಂದಿನ ರಸ್ತೆಯನ್ನು ಮತ್ತೆ ಅಗೆದಿದ್ದಾರೆ. ಕೇಬಲ್ ಜೋಡಿಸುವ ಇಬ್ಬರು ಗುಂಡಿಯ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಬ್ಲೋ ಲ್ಯಾಂಪು ಹೊತ್ತಿಸುತ್ತಿದ್ದರು. ಅದು ಮೊದಲು ಹೊಗೆ ಉಗುಳಿತು, ಕೆಮ್ಮಿತು, ಹಳದಿ ನಾಲಗೆ ಚಾಚಿತು. ಪಂಪು ಸರಿಯಾಗಿ ಬಿದ್ದ ಮೇಲೆ ಸುಯ್ಯೆಂದು ನೀಲಿಯಾಯಿತು. ಬಿಸಿ ಸೀಮೆಎಣ್ಣೆಯ ವಾಸನೆ ಮಹಡಿಯವರೆಗೂ ಏರಿ ಬಂತು. ಪಕ್ಕದ ರೂಮಿನವಳು ಗೊಣಗುತ್ತಾ ಕಿಟಕಿ ಹಾಕಿಕೊಂಡಳು. ನಾನು ಪುಸ್ತಕ ಮುಚ್ಚಿಟ್ಟೆ. ಮಲ್ಲಿಗೆಯ ವಾಸನೆಗೆ ತವರು ನೆನಪಾಗುವ ಹೆಂಗಸರಿದ್ದಾರೆ ಎಂದು ಕೇಳಿದ್ದೇನೆ. ನನಗೆ ಸೀಮೆಎಣ್ಣೆಯ ವಾಸನೆಗೆ ನನ್ನ ಸೋದರಮಾವ ನೆನಪಾಗುತ್ತಾರೆ. ಅವರ ಹಿಂದೆಯೇ, ಅವರನ್ನು ನಾನು ಮದುವೆಯಾಗದೆ ಉಳಿದದ್ದು ಹೇಗೆ ಎನ್ನುವುದೂ ನೆನಪಾಗುತ್ತದೆ.

ನೀವು ಹುಬ್ಬೇರಿಸುವುದು ಬೇಡ. ನಮ್ಮ ಕಡೆ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ಹೊಲಕ್ಕೆ ಬದು ಹಾಕಿದಷ್ಟೇ ಸಹಜ. ಮಾವನ ಮನೆಯವರು ಕೇಳಿದರೆ ಬೇರೆ ಯಾರೂ ಅಡ್ಡ ಬರುವಂತಿಲ್ಲ. ಹುಡುಗಿ ಅಡ್ಡ ಬರಬಹುದೆಂದು ಯಾರೂ ಯೋಚಿಸಿರುವುದಿಲ್ಲ, ಅಷ್ಟೆ.

ಮಾವನ ಹೆಸರು ತಿಪ್ಪೇಸ್ವಾಮಿ. ಅಜ್ಜಿಯ ಬಾಯಲ್ಲಿ ತಿಪ್ಪೇಶಿ. ನನಗಿಂತ ಹತ್ತು ವರ್ಷ ದೊಡ್ಡವರು. ಚಿತ್ರದುರ್ಗದಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಕೆಲಸ. ನನ್ನ ಅಪ್ಪ ಅಮ್ಮ ಹಿರಿಯೂರಿನಲ್ಲಿದ್ದರು, ನಾನು ಬಿ.ಎಸ್ಸಿ. ಓದಲು ದುರ್ಗದ ಅಜ್ಜಿಯ ಮನೆಯಲ್ಲಿದ್ದೆ. ಕೋಟೆಯ ಬುಡದ ಬೀದಿಯಲ್ಲಿ ಆ ಮನೆ. ಬೇಸಗೆಯಲ್ಲಿ ಹಿತ್ತಲ ಬಂಡೆ ಸಂಜೆಯವರೆಗೂ ಕಾದಿರುತ್ತಿತ್ತು. ಮಾವ ಹಗಲೆಲ್ಲ ದೊಡ್ಡ ಬಸ್ಸು ಕಟ್ಟಿ, ಸಂಜೆ ಮನೆಗೆ ಬಂದು ಅದೇ ಬಂಡೆಯ ಮೇಲೆ ಕೂತು ಚಿಕ್ಕ ಬಸ್ಸು ಕಟ್ಟುತ್ತಿದ್ದರು. ಮೊಳದುದ್ದದ ಬಸ್ಸು. ನಿಜವಾದದ್ದರ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಒಂದು ಸೀಟೂ ಹೆಚ್ಚಿಲ್ಲ, ಒಂದು ಮೊಳೆಯೂ ಕಡಿಮೆಯಿಲ್ಲ. ಶೆಡ್ಡಿನಲ್ಲಿ ಕತ್ತರಿಸಿ ಬಿಸಾಡಿದ ಅಲ್ಯೂಮಿನಿಯಂ ಚೂರುಗಳೇ ಅದಕ್ಕೆ ಸಾಮಾನು. ಚೂರು ಸಾಲದಿದ್ದಾಗ ಅಜ್ಜಿಯ ಅಡಿಗೆಮನೆಯಿಂದ ಒಂದು ಮುಚ್ಚಳ ಕಾಣೆಯಾಗುತ್ತಿತ್ತು. ಅಜ್ಜಿ ಬೆಕ್ಕನ್ನು ಬೈಯುತ್ತಿದ್ದಳು. ಮುಚ್ಚಳ ತಿನ್ನುವ ಬೆಕ್ಕಿನ ಬಗ್ಗೆ ನಾವಿಬ್ಬರೂ ಏನೂ ಹೇಳುತ್ತಿರಲಿಲ್ಲ.

ಅಲ್ಯೂಮಿನಿಯಮ್ಮನ್ನು ಬೆಸೆಯುವುದು ಎಂತಹ ಕೆಲಸ ಎಂದು ನಿಮಗೆ ಗೊತ್ತಿರಲಾರದು. ಗೊತ್ತಿರಬೇಕಾದ ಕಾರಣವೂ ಇಲ್ಲ. ಸ್ವಲ್ಪ ಸಹಿಸಿಕೊಳ್ಳಿ. ಹಿತ್ತಾಳೆ ತಾಮ್ರಗಳಿಗೆ ಹಾಕುವ ತವರದ ಬೆಸುಗೆ ಇದರ ಮೇಲೆ ನಿಲ್ಲುವುದಿಲ್ಲ. ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಉರುಳಿ ಹೋಗುತ್ತದೆ. ಕಾರಣ, ಈ ಲೋಹಕ್ಕೆ ಕಣ್ಣಿಗೆ ಕಾಣದ ಸಿಪ್ಪೆಯೊಂದಿದೆ. ಉಜ್ಜಿ ತೆಗೆದರೆ ಗಾಳಿ ತಾಗಿದೊಡನೆ ಮತ್ತೆ ಬೆಳೆಯುತ್ತದೆ. ಒಳಗಿನ ಲೋಹ ಕರಗಿದರೂ ಸಿಪ್ಪೆ ಕರಗುವುದಿಲ್ಲ. ಅದಕ್ಕೆ ಒಂದು ಬಿಳಿ ಪುಡಿ ಬೇಕು; ಶೆಡ್ಡಿನವರು ಫ್ಲಕ್ಸ್ ಎನ್ನುತ್ತಾರೆ. ನೀರಿನಲ್ಲಿ ಕಲಸಿ ಜೋಡಣೆಗೆ ಬಳಿದು, ಬ್ಲೋ ಲ್ಯಾಂಪಿನ ಬೆಂಕಿಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸಬೇಕು. ಪುಡಿ ಮೊದಲು ಒಣಗಿದ ರಂಗೋಲಿಯಂತಾಗುತ್ತದೆ. ನಂತರ, ನೀವು ಕಣ್ಣು ಮಿಟುಕಿಸದೆ ಇದ್ದರೆ, ತಟ್ಟನೆ ತಿಳಿನೀರಾಗುತ್ತದೆ. ಆಗ ಬೆಸುಗೆಯ ಕಡ್ಡಿಯನ್ನು ಮುಟ್ಟಿಸಿದರೆ ಬತ್ತಿಗೆ ಎಣ್ಣೆ ಏರಿದ ಹಾಗೆ ಸಂದಿಯೊಳಕ್ಕೆ ಹರಿದುಹೋಗುತ್ತದೆ. ಒಂದು ಕ್ಷಣ ತಡವಾದರೆ ಬೆಸೆಯಬೇಕಾದ ತುಂಡೇ ಇರುವುದಿಲ್ಲ. ಕಬ್ಬಿಣ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಎಚ್ಚರಿಸುವುದಿಲ್ಲ. ಬೆಳ್ಳಗೆ, ಸಭ್ಯವಾಗಿ ನಿಂತಿರುತ್ತದೆ; ಮರುಕ್ಷಣ ನೆಲದ ಮೇಲೆ ಉಂಡೆಯಾಗಿ ಬಿದ್ದಿರುತ್ತದೆ. ನಾನು ಕಲಿಯುವಾಗ ಡ್ರೈವರ್ ಸೀಟನ್ನು ಹೀಗೆ ಕಳೆದುಕೊಂಡೆ. ಮಾವ ಬೈಯಲಿಲ್ಲ. "ಬಿಡು, ಡ್ರೈವರ್ ನಿಂತ್ಕಂಡು ಓಡಿಸ್ತಾನೆ" ಎಂದರು.

ಇನ್ನೊಂದು ಮಾತು ಉಳಿಯಿತು. ಕೆಲಸ ಮುಗಿದ ಮೇಲೆ ಆ ಪುಡಿಯ ಕಲೆಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆಯಲೇಬೇಕು. ತೊಳೆಯದಿದ್ದರೆ ಸಿಪ್ಪೆ ತಿಂದ ಪುಡಿ ಅಲ್ಲಿಗೇ ತೃಪ್ತಿಪಡದೆ, ತೇವ ಹೀರಿಕೊಂಡು ಲೋಹವನ್ನೂ ತಿನ್ನತೊಡಗುತ್ತದೆ. ಇದನ್ನು ನಾನು ಕೆಮಿಸ್ಟ್ರಿಯಲ್ಲಿ ಓದಿದ್ದೆ, ಮಾವ ಶೆಡ್ಡಿನಲ್ಲಿ ಕಲಿತಿದ್ದರು. ಇಬ್ಬರಿಗೂ ಗೊತ್ತಿದ್ದ ವಿಷಯ ಅಜ್ಜಿಯ ಮುಂದೆ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಬೆಸುಗೆ ಎಂಬ ಮಾತು ಬಂದ ಕೂಡಲೆ ಮನುಷ್ಯ ಸಂಬಂಧಗಳ ಬಗ್ಗೆ ಉಪದೇಶ ಬರುತ್ತದೆಂದು ನೀವು ಹೆದರಿದ್ದರೆ, ಬರುವುದಿಲ್ಲ.

ಮಾವನಿಗೆ ಹೆಣ್ಣು ನೋಡುವುದು ಎರಡು ವರ್ಷಗಳಿಂದ ನಡೆದಿತ್ತು. ಓದಿದವಳೆಂದು ನನ್ನನ್ನೂ ಕರೆದೊಯ್ಯುತ್ತಿದ್ದರು. ಹುಡುಗನಲ್ಲಿ ದೋಷವಿರಲಿಲ್ಲ, ಬಾಯಿ ಇರಲಿಲ್ಲ. ಹೊಸದುರ್ಗದಲ್ಲಿ ಉಪ್ಪಿಟ್ಟಿನ ತಟ್ಟೆ ಅಲ್ಯೂಮಿನಿಯಮ್ಮಿನದೆಂದು ಕಂಡು, ಎಷ್ಟು ದಪ್ಪದ ಹಾಳೆ ಎಂದು ನೋಡಲು ತಟ್ಟೆಯನ್ನು ತಿರುಗಿಸಿದರು. ಉಪ್ಪಿಟ್ಟು ಅದರಲ್ಲೇ ಇತ್ತು. ಹಿರೇಗುಂಟನೂರಿನಲ್ಲಿ ಹುಡುಗಿಯ ತಂದೆ, "ನಮ್ಮ ಹುಡುಗಿನ ಏನಾರ ಕೇಳೋದಿದ್ರೆ ಕೇಳ್ರಿ" ಎಂದರು. ಮಾವ ಬಹಳ ಹೊತ್ತು ಯೋಚಿಸಿದರು. ಆಮೇಲೆ ಹುಡುಗಿಯತ್ತ ತಿರುಗಿ, "ನಿಮ್ಮೂರಿಗೆ ಬರೋ ಬಸ್ಸಿನ ಮುಂದ್ಲ ಗಾಜು ಒಂದೇ ತುಂಡಾ, ಎಲ್ಡಾ?" ಎಂದು ಕೇಳಿದರು. ಹುಡುಗಿ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಆ ವರ್ಷ ದಸರೆಗೆ ಹಿರಿಯೂರಿನಿಂದ ಅಮ್ಮ ಬಂದಿದ್ದರು. ಅಜ್ಜಿ ಕಡಲೆಕಾಯಿ ಬಿಡಿಸುತ್ತಾ, ಕಡಲೆಕಾಯಿಯ ವಿಷಯ ಹೇಳುವ ದನಿಯಲ್ಲೇ ಅಮ್ಮನಿಗೆ ಹೇಳಿದಳು: "ದೀಪಾವಳಿ ಒಳಗೆ ಯಾರಾರ ಒಪ್ಕಂಡ್ರೆ ಸರಿ. ಇಲ್ದಿದ್ರೆ ಮನೇಲೇ ಐತಲ್ಲ ಹೆಣ್ಣು. ಊರೂರು ಅಲ್ಯೋದ್ಯಾಕೆ."

ಅಮ್ಮ ಮೆಲ್ಲಗೆ, "ಅವ್ಳು ಮೈಸೂರಿಗೆ ಹೋಗಿ ಓದ್ತೀನಿ ಅಂತಾಳವ್ವ" ಎಂದರು.

"ಓದ್ಲಿ ಬಿಡು, ಮದ್ವೆ ಆದ್ಮ್ಯಾಲೆ. ಮೈಸೂರು ಎಲ್ಲಿಗೂ ಎದ್ದು ಹೋಗಲ್ಲ, ಅಲ್ಲೇ ಇರುತ್ತೆ."

ಅಮ್ಮ ಒಂದು ಹಿಡಿ ಕಾಯಿ ತೆಗೆದುಕೊಂಡು ತಾವೂ ಬಿಡಿಸತೊಡಗಿದರು. ನಾನು ಬಾಗಿಲ ಹಿಂದೆ ಬಟ್ಟೆ ಮಡಿಸುತ್ತಿದ್ದೆ. ಮಡಿಸಿದ ಲಂಗವನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಆಮೇಲೆ ಹಿತ್ತಲಿಗೆ ಹೋಗಿ ಮಾವನಿಗೆ ವರದಿ ಒಪ್ಪಿಸಿದೆ. ಅವರ ಕೈಯಲ್ಲಿದ್ದ ಅರ ನಿಂತಿತು. ಮುಖ ಆ ಬಿಳಿ ಪುಡಿಯ ಬಣ್ಣಕ್ಕೆ ತಿರುಗಿತು. ಅದನ್ನು ನೋಡಿ ನನಗೆ ನೆಮ್ಮದಿಯಾಯಿತು, ಸ್ವಲ್ಪ ಅವಮಾನವೂ ಆಯಿತು.

"ನೀನು ಕೂಸಾಗಿದ್ದಾಗ ನಾನು ನಿನ್ನ ಮೂಗು ಒರೆಸಿದೀನಿ ಕಣೆ" ಎಂದರು ಕೊನೆಗೆ. "ಕಬ್ಬಿಣಕ್ಕೂ ಅಲ್ಯೂಮಿನಿಯಮ್ಮಿಗೂ ಬೆಸುಗೆ ಹಾಕು ಅಂದ್ರೆ ಹೆಂಗೆ?"

"ಹಾಗಾದರೆ ಬಾಯಿ ಬಿಡು ಮಾವ. ಮುಂದಿನ ಮನೆಯಲ್ಲಿ ಏನಾದರೂ ಮಾತಾಡು. ಬಸ್ಸು ಬಿಟ್ಟು."

"ಬಸ್ಸು ಬಿಟ್ಟು ಏನೈತೆ?" ಅವರು ನಿಜವಾಗಿಯೂ ಕೇಳುತ್ತಿದ್ದರು.

ನಾನು ಯೋಚಿಸಿದೆ. ಬಸ್ಸು ಬಿಟ್ಟು ಮಾತಾಡಲಾರದವರನ್ನು ಬಸ್ಸಿನ ಜೊತೆಗೇ ಕರೆದೊಯ್ಯುವುದು ಮೇಲು. ಅವರು ಸುಮ್ಮನಿದ್ದರೂ ಅದು ಏನಾದರೂ ಹೇಳೀತು. ರಾಮಗಿರಿಯ ಸಂಬಂಧವೊಂದು ಬಂದಿತ್ತು. ಅಲ್ಲಿಗೆ ಹಣ್ಣು ಹೂವಿನ ಜೊತೆ ಬಸ್ಸನ್ನೂ ಒಯ್ಯುವುದೆಂದು ತೀರ್ಮಾನಿಸಿದೆವು.

ಬಸ್ಸಿಗೆ ಇನ್ನು ಉಳಿದದ್ದು ಹಿಂಬದಿಯ ಏಣಿ, ಟಾಪಿನ ಮೇಲೆ ಲಗೇಜು ಏರಿಸಲು ಇರುವಂಥದ್ದು. ಬೆಂಕಿಕಡ್ಡಿಯಷ್ಟು ಸಣ್ಣ ಮೆಟ್ಟಿಲುಗಳು. ಒಂದನ್ನು ಬೆಸೆಯುವಾಗ ಪಕ್ಕದ್ದು ಬಿಟ್ಟುಕೊಳ್ಳದಂತೆ ಅದಕ್ಕೆ ಒದ್ದೆ ಬಟ್ಟೆ ಸುತ್ತಬೇಕು. ಆಯುಧಪೂಜೆಯ ಬೆಳಿಗ್ಗೆ ಮಾವ ಏಣಿಯನ್ನು ಬಸ್ಸಿಗೆ ಬೆಸೆದು ಇನ್ನೂ ಉಸಿರು ಬಿಟ್ಟಿರಲಿಲ್ಲ; ಅಜ್ಜಿ ಬಂದು ಸುತ್ತಿಗೆ, ಅರ, ಇಕ್ಕಳ, ಬ್ಲೋ ಲ್ಯಾಂಪು, ಬಸ್ಸು ಎಲ್ಲವನ್ನೂ ಎತ್ತಿಕೊಂಡು ಹೋಗಿ ದೇವರ ಮುಂದೆ ಸಾಲಾಗಿ ಇಟ್ಟಳು. ವಿಭೂತಿ, ಕುಂಕುಮ, ಚೆಂಡು ಹೂವು.

"ಅವ್ವ, ಬಸ್ಸು ತೊಳೀಬೇಕಿತ್ತು" ಎಂದರು ಮಾವ.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಂಗಿಲ್ಲ."

ಮರುದಿನ ಪೂಜೆ ವಿಸರ್ಜನೆಯಾದ ಮೇಲೆ ಮಾವ ಬಿಸಿನೀರಿನ ಚೆಂಬು ಹಿಡಿದು ಬಂದರು. ಅಜ್ಜಿ ಅಡ್ಡ ನಿಂತಳು. "ಗಾಡಿಗಿಟ್ಟ ಕುಂಕುಮ ತೊಳೀತಾರೇನ್ಲಾ? ಅದು ತಾನಾಗೇ ಹೋಗ್ಬೇಕು. ಬೀದೀಲಿರೋ ಲಾರಿ ನೋಡು, ಯಾವನಾರ ತೊಳ್ದಿದ್ದಾನಾ?"

ಮಾವ ನನ್ನ ಮುಖ ನೋಡಿದರು. ನಾನು ತೇವಾಂಶ, ಕ್ಲೋರೈಡು ಎಂದು ಶುರುಮಾಡಿದೆ. ಅಜ್ಜಿ, "ನೀನು ಸುಮ್ಕಿರು, ನಿಂಗೂ ಇದೇ ಮನೇಲಿ ಕುಂಕುಮ ಇಡೋದೈತೆ" ಎಂದಳು. ರಸಾಯನಶಾಸ್ತ್ರ ಅಲ್ಲಿಗೆ ನಿಂತಿತು.

ಆ ವಾರವೆಲ್ಲ ಜಿಟಿಜಿಟಿ ಮಳೆ. ರಾಮಗಿರಿಗೆ ಹೊರಡುವ ಹಿಂದಿನ ಸಂಜೆ ನೋಡಿದರೆ ಏಣಿಯ ಬುಡದಲ್ಲಿ, ಕುಂಕುಮದ ಪಕ್ಕ, ಬೂಷ್ಟಿನಂತೆ ಬಿಳಿ ಪುಡಿ ಎದ್ದಿತ್ತು. ನಾನು ಯಾರಿಗೂ ಹೇಳಲಿಲ್ಲ. ಹಣ್ಣಿನ ಚೀಲದ ಅಡಿಯಲ್ಲಿ ಬ್ಲೋ ಲ್ಯಾಂಪು, ಪುಡಿಯ ಡಬ್ಬಿ, ಕಡ್ಡಿ, ಇಕ್ಕಳ, ಬ್ರಷ್ಷು ಇಟ್ಟು ಮೇಲೆ ಮೂಸಂಬಿ ಜೋಡಿಸಿದೆ. ಮುಂದಾಲೋಚನೆ ಒಳ್ಳೆಯ ಗುಣವೆಂದು ನಮ್ಮ ಮೇಷ್ಟರೊಬ್ಬರು ಹೇಳುತ್ತಿದ್ದರು.

ಚಿಕ್ಕಜಾಜೂರಿನಲ್ಲಿ ರೈಲು ಬದಲಿಸಿ ರಾಮಗಿರಿಯಲ್ಲಿ ಇಳಿದೆವು. ಮಾವ ದಾರಿಯುದ್ದಕ್ಕೂ ಬಸ್ಸನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಎದುರಿನ ಹೆಂಗಸೊಬ್ಬಳು, "ಮಗೀಗೆ ಎಷ್ಟು ತಿಂಗ್ಳಾತು?" ಎಂದು ಕೇಳಿದಳು. ಅಜ್ಜಿ ಕಿಟಕಿಯತ್ತ ತಿರುಗಿ ಕೂತಳು.

ಹುಡುಗಿಯ ತಂದೆ ರುದ್ರಪ್ಪನವರು ಹೊಲ, ಕುರಿ ಎರಡೂ ಇಟ್ಟುಕೊಂಡಿದ್ದವರು. ಎತ್ತರದ ಆಳು, ದೊಡ್ಡ ದನಿ. "ಬರ್ರಿ, ಬರ್ರಿ, ಕುಂತ್ಕಳ್ರಿ" ಎಂದು ಜಮಖಾನ ಹಾಸಿದರು. ಹುಡುಗಿ ಗಿರಿಜಾ, ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲೇ ಹೊಲಿಗೆ ಮಿಷನ್ನು ಇಟ್ಟುಕೊಂಡು ಊರಿನ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವಳು. ಬಂದು ನಮಸ್ಕಾರ ಮಾಡಿ ಕೂತಳು. ತಲೆ ತಗ್ಗಿಸಿದ್ದಳು, ಕಣ್ಣು ತಗ್ಗಿಸಿರಲಿಲ್ಲ. ಉಪ್ಪಿಟ್ಟು ಬಂತು. ಪುಣ್ಯಕ್ಕೆ ಸ್ಟೀಲ್ ತಟ್ಟೆ.

ತಟ್ಟೆಗಳು ಖಾಲಿಯಾದವು. ನಾನು ಟವೆಲ್ ಬಿಚ್ಚಿ ಬಸ್ಸನ್ನು ನಡುಮನೆಯಲ್ಲಿ ಇಟ್ಟೆ. ರುದ್ರಪ್ಪನವರ ಮುಖ ಅರಳಿತು. "ಏನಪ್ಪ ಇದು, ನೀವೇ ಮಾಡಿದ್ದಾ? ಏಣೀನೂ ಐತಲ್ಲೋ" ಎನ್ನುತ್ತಾ ಎತ್ತಿಕೊಂಡರು. ಎತ್ತಿದ್ದು ಏಣಿಯನ್ನು ಹಿಡಿದು. ಏಣಿ ಅವರ ಕೈಯಲ್ಲಿ ಉಳಿಯಿತು. ಬಸ್ಸು ಜಮಖಾನದ ಮೇಲೆ ಕೂತಿತು.

ಗೋಡೆಗೊರಗಿ ಕೂತಿದ್ದ ಅವರ ಮನೆಯ ಮುದುಕಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಹೇಳಿದಳು: "ಹೆಣ್ಣು ನೋಡಕ್ ಬಂದಾಗ ಸಾಮಾನು ಮುರೀತಲ್ಲ ರುದ್ರ. ಶಕುನ ಸರಿಗಿಲ್ಲ."

ರುದ್ರಪ್ಪನವರು ಏಣಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ಇದ್ದರು. ಅಜ್ಜಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಸೀರೆಯನ್ನು ಬೆಳಕಿಗೆ ಹಿಡಿದು ನೋಡುವ ನೋಟ ಅದು. ಮೈಸೂರು ಅಲ್ಲೇ ಇರುತ್ತೆ, ನಾನು ಮಾತ್ರ ಅಲ್ಲಿರುವುದಿಲ್ಲ.

ಆಗ ಮಾವ ಮಾತಾಡಿದರು. "ಮುರ್ದಿಲ್ಲ ಅಜ್ಜಿ. ಬಿಟ್ಕಂಡೈತೆ. ಮುರಿಯೋದು ಬ್ಯಾರೆ, ಬಿಟ್ಕಳೋದು ಬ್ಯಾರೆ. ಮುರ್ದಿದ್ರೆ ಏಣಿ ನಡುವೆ ತುಂಡಾಗ್ತಿತ್ತು. ನೋಡ್ರಿ, ಏಣಿ ನೆಟ್ಟಗೈತೆ. ಒಂದಿಷ್ಟು ಬಿಸಿನೀರು, ಒಂದು ಹಿತ್ಲು ಕೊಡ್ರಿ ಸಾಕು."

ಅವರ ಬಾಯಿಂದ ಒಂದೇ ಉಸಿರಿಗೆ ಇಷ್ಟು ಮಾತು ಬಂದದ್ದನ್ನು ಅಜ್ಜಿಯೂ ಕೇಳಿರಲಿಲ್ಲ. ಮುದುಕಿ ಏಣಿಯನ್ನು ಇಸಿದುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿ, "ಹೌದೇಳು, ನೆಟ್ಟಗೈತೆ" ಎಂದು ಮತ್ತೆ ಅಗಿಯತೊಡಗಿದಳು. ನಾನು ಮೂಸಂಬಿಗಳನ್ನು ಒಂದೊಂದಾಗಿ ತೆಗೆದು ಕೆಳಗಿನಿಂದ ಬ್ಲೋ ಲ್ಯಾಂಪು ಹೊರತೆಗೆದೆ. ರುದ್ರಪ್ಪನವರು, "ಹೆಣ್ಣು ನೋಡಕೆ ಇದನ್ನೂ ತರ್ತೀರೇನ್ರಿ ದುರ್ಗದ ಕಡೆ?" ಎಂದರು.

ಹಿತ್ತಲಲ್ಲಿ ಕುರಿಗಳನ್ನು ಆಚೆ ಅಟ್ಟಿ ಜಾಗ ಮಾಡಿದರು. ಮನೆಯವರೆಲ್ಲ ಬಂದು ನಿಂತರು, ಬೇಲಿಯಾಚೆ ಅಕ್ಕಪಕ್ಕದವರು. ಮಾವ ಸಂದಿಯ ಬಿಳಿ ಬೂಷ್ಟನ್ನು ಬ್ರಷ್ಷಿನಿಂದ ಹೊಳೆಯುವಂತೆ ಉಜ್ಜಿ, ಹೊಸ ಪುಡಿ ಕಲಸಿ ಬಳಿದರು. ಏಣಿಯನ್ನು ಇಕ್ಕಳದಲ್ಲಿ ಹಿಡಿಯಲು ಇನ್ನೊಂದು ಕೈ ಬೇಕಿತ್ತು. ಅದು ಯಾವಾಗಲೂ ನನ್ನ ಕೈ. ನಾನು ಎರಡೂ ಕೈಗಳಲ್ಲಿ ಕಾಫಿ ಲೋಟ ಹಿಡಿದುಕೊಂಡೆ.

"ನಾನ್ ಹಿಡೀಲಾ?" ಎಂದಳು ಗಿರಿಜಾ.

ಮಾವ ಅವಳ ಕೈ ನೋಡಿದರು. ಸೂಜಿ ಹಿಡಿದ ಕೈ, ನಡುಕವಿರಲಿಲ್ಲ. "ಹಿಡೀರಿ. ಅಲ್ಲಾಡಿಸ್ಬ್ಯಾಡ್ರಿ."

ಜ್ವಾಲೆ ಆಡತೊಡಗಿತು. ಗಿರಿಜಾ ಕಾದಳು. "ಇನ್ನೂ ಕೆಂಪಗಾಗ್ಲಿಲ್ಲ."

"ಇದು ಕೆಂಪಗಾಗಲ್ಲ. ಕೆಂಪಗಾಗ್ಲಿ ಅಂತ ಕಾದ್ರೆ ಏಣಿ ನಿಮ್ಮ ಕಾಲ್ಮ್ಯಾಲಿರುತ್ತೆ."

"ಮತ್ತೆ ಹೆಂಗ್ ಗೊತ್ತಾಗುತ್ತೆ?"

"ಪುಡಿ ನೋಡ್ತಾ ಇರ್ರಿ. ನೀರಾದ ಕೂಡ್ಲೆ ಹೇಳ್ರಿ."

ಇಬ್ಬರ ತಲೆಗಳೂ ಬಸ್ಸಿನ ಮೇಲೆ ಬಾಗಿದ್ದವು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಇಷ್ಟು ಹತ್ತಿರ ಕೂರುವುದು ಎಲ್ಲೂ ಇಲ್ಲ. ಯಾರಿಗೂ ಅದು ಹೊಳೆಯಲಿಲ್ಲ, ಎಲ್ಲರೂ ಪುಡಿಯನ್ನೇ ನೋಡುತ್ತಿದ್ದರು.

"ಆತು" ಎಂದಳು ಗಿರಿಜಾ.

"ಆತಾ?"

"ಆತು ಅಂದ್ನಲ್ಲ, ಮುಟ್ಸಿ."

ಕಡ್ಡಿ ಮುಟ್ಟಿತು, ಹರಿಯಿತು, ಬೆಳ್ಳಿಯ ಗೆರೆಯಾಗಿ ನಿಂತಿತು. ಬೇಲಿಯಾಚೆ ಯಾರೋ "ಭಲೇ" ಎಂದರು. ಮಾವ ಬಿಸಿನೀರಿಗೆ ಕೈ ಚಾಚಿ, ಅಲ್ಲಿಯೇ ತಡೆದು, ಅಜ್ಜಿಯತ್ತ ನೋಡಿದರು. ಬಸ್ಸಿನ ಮೇಲೆ ದಸರೆಯ ಕುಂಕುಮ ಇನ್ನೂ ಇತ್ತು. ಯಾಕೆ ನಿಂತರೆಂದು ಗಿರಿಜಾ ಕೇಳಿದಳು, ನಾನು ಹೇಳಿದೆ. ಅವಳು ನೇರವಾಗಿ ಅಜ್ಜಿಯನ್ನೇ ಕೇಳಿದಳು: "ಅಜ್ಜಿ, ನಿಮ್ಮೂರಾಗೆ ಮುಖ ತೊಳ್ಕಂಡ್ಮ್ಯಾಲೆ ಕುಂಕುಮ ಮತ್ತೆ ಇಟ್ಕಳಲ್ವಾ?"

ಅಜ್ಜಿ ಬಸ್ಸನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದಳು. "ಇಟ್ಕತೀವಿ" ಎಂದಳು.

"ಹಂಗಾರೆ ತೊಳ್ಯಾಣ. ಆಮ್ಯಾಲೆ ನಾನೇ ಇಡ್ತೀನಿ." ನೀರು ಹೊಯ್ದೇಬಿಟ್ಟಳು. ಮಾವ ತಿಕ್ಕಿದರು. ಅವಳು ಒಳಗಿಂದ ಭರಣಿ ತಂದು ಬಸ್ಸಿನ ಹಣೆಗೆ, ಎರಡು ಗಾಜುಗಳ ನಡುವೆ, ಅಚ್ಚುಕಟ್ಟಾಗಿ ಬೊಟ್ಟು ಇಟ್ಟಳು.

ನಾನು ಗೆದ್ದೆನೆಂದುಕೊಂಡು ಕೈತೊಳೆಯಲು ನೀರಿನ ಬಾನಿಯ ಹತ್ತಿರ ಹೋದೆ. ಗಿರಿಜಾ ಹಿಂದೆಯೇ ಬಂದಳು. ನೀರು ಹಾಕುತ್ತಾ, ದನಿ ಏರಿಸದೆ ಕೇಳಿದಳು: "ನಿನ್ನನ್ನೇ ಇವ್ರಿಗೆ ಕೊಡ್ಬೇಕು ಅಂತಿದಾರಂತೆ. ನಮಗೂ ಸುದ್ದಿ ಬರುತ್ತೆ. ನಿಂಗ್ ಬ್ಯಾಡಾದ್ದನ್ನ ನಂಗೆ ದಾಟಿಸ್ತಿದೀಯಾ?"

ಚೀಲದ ತಳದಲ್ಲಿ ಈ ಪ್ರಶ್ನೆಗೆ ಏನೂ ಇಟ್ಟುಕೊಂಡಿರಲಿಲ್ಲ. ಇಷ್ಟು ದಿನ ನಾನು ಮಾವನಿಗೊಂದು ಹೆಣ್ಣು ಹುಡುಕುತ್ತಿದ್ದೆ; ಆ ಹೆಣ್ಣಿಗೆ ಗಂಡು ಸರಿಹೋಗುತ್ತದೆಯೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಬೇಡ ಅಂತಲ್ಲ" ಎಂದೆ. "ನನಗೆ ಅವರು ಮಾವನಾಗಿಯೇ ಬೇಕು. ಗಂಡನಾದರೆ ಮಾವ ಇರೋದಿಲ್ಲ."

ಅವಳು ಇನ್ನೊಂದು ಚೆಂಬು ನೀರು ತುಂಬಿಕೊಂಡಳು. "ಅವರದ್ದೊಂದು ತಪ್ಪು ಹೇಳು. ನಿಜದ್ದು. ಒಳ್ಳೇದು ನಾನ್ ನೋಡ್ದೆ."

"ಊಟದ ತಟ್ಟೆ ತಿರುಗಿಸಿ ನೋಡ್ತಾರೆ."

"ಊಟ ಇದ್ದಾಗ್ಲಾ?"

"ಒಂದು ಸಲ."

ಅವಳ ಕೈಯಲ್ಲಿದ್ದ ಚೆಂಬು ಅಲುಗಿ ನೀರು ನನ್ನ ಕಾಲ ಮೇಲೆ ಚೆಲ್ಲಿತು. ನಗು ತಡೆದುಕೊಂಡು, "ನಾನು ಒಲ್ಲೆ ಅಂದ್ರೆ ನಿಂಗೇನಾಗುತ್ತೆ?" ಎಂದಳು.

"ದೀಪಾವಳಿಗೆ ನನಗೆ ನಿಶ್ಚಯದ ಸೀರೆ ತರ್ತಾರೆ."

"ಯಾವ ಬಣ್ಣದ್ದು?"

"ಅದನ್ನ ಕೇಳುವಷ್ಟು ಧೈರ್ಯ ಬರಲಿಲ್ಲ."

"ಹೆದರ್ಕಬ್ಯಾಡ" ಎಂದಳು. "ನಿಂಗೋಸ್ಕರ ಒಪ್ತೀನಿ ಅಂತ ತಿಳ್ಕಬ್ಯಾಡ ಮತ್ತೆ. ನಾನು 'ಆತು' ಅಂದಾಗ ಅವ್ರು ನನ್ ಮಾತು ನಂಬಿ ಕಡ್ಡಿ ಮುಟ್ಸಿದ್ರು. ನಮ್ಮಪ್ಪ ಆಗಿದ್ರೆ ಇನ್ನೊಂದ್ಸಲ ನೋಡಿರೋರು, ಅಷ್ಟೊತ್ತಿಗೆ ಏಣಿ ಕರಗಿರೋದು."

ದೀಪಾವಳಿಗೆ ಸೀರೆ ಬಂತು. ರಾಮಗಿರಿಗೆ ಹೋಯಿತು. ಮಾರನೆಯ ವರ್ಷ ನಾನು ಮೈಸೂರಿಗೆ ಬಂದೆ. ಗಿರಿಜಾ ಈಗ ನನಗೆ ಅತ್ತೆ. ವಯಸ್ಸಿನಲ್ಲಿ ನನಗಿಂತ ಒಂದೇ ವರ್ಷ ದೊಡ್ಡವರಾದರೂ ಬಹುವಚನ ತಪ್ಪುವಂತಿಲ್ಲ. ಹಿತ್ತಲ ಬಂಡೆಯ ಮೇಲೆ ಈಗ ಇಬ್ಬರು ಕೂರುತ್ತಾರೆ. ಅಜ್ಜಿಯ ಮುಚ್ಚಳಗಳು ಮೊದಲಿಗಿಂತ ಬೇಗ ಕಾಣೆಯಾಗುತ್ತವೆ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. ಹೊಳಲ್ಕೆರೆಯ ಕಡೆಯಿಂದ ಒಬ್ಬರು ನನ್ನನ್ನು ನೋಡಲು ಬರುವವರಿದ್ದಾರಂತೆ. ನನಗೆ ಈಗಲೇ ಬೇಡ ಎಂದೆ.

"ಬ್ಯಾಡ ಅನ್ನಾಕೂ ನೋಡ್ಬೇಕಲ್ಲ. ಬರ್ಲಿ. ನಡುಮನೆ ಬಾಗ್ಲ ಚಿಲಕದ ಸ್ಕ್ರೂ ಸಡಿಲ ಮಾಡಿ ಇಡ್ತೀನಿ. ಕೈಗೆ ಬರುತ್ತೆ. ಅವ್ನೇ ಸರಿ ಮಾಡ್ತಾನೋ, ಯಾರನ್ನಾರ ಕರೀರಿ ಅಂತಾನೋ, ಕಿತ್ತಿದ್ದು ತಾನಲ್ಲ ಅಂತಾನೋ, ನೋಡಾಣ."

"ಸರಿ ಮಾಡಿಬಿಟ್ಟರೆ?"

"ಆವಾಗ ಬಾನಿ ಹತ್ರ ಬಾ. ಅವರ ಕಡೆ ಹುಡುಗಿ ಯಾವಳಾರ ಬಂದಿರ್ತಾಳೆ, ಅವ್ನದ್ದೊಂದು ತಪ್ಪು ಹೇಳು ಅಂತ ಅವಳನ್ನ ನೀನೇ ಕೇಳು."

ಕೆಳಗೆ ಕೇಬಲ್ಲಿನವರು ಬ್ಲೋ ಲ್ಯಾಂಪು ಆರಿಸಿ ಗುಂಡಿಗೆ ಮಣ್ಣು ಎಳೆಯುತ್ತಿದ್ದಾರೆ. ನಾಡಿದ್ದು ಭಾನುವಾರ, ಹೊಳಲ್ಕೆರೆಯವರು ಬರುವುದು ಅಂದೇ. ಮಧ್ಯಾಹ್ನ ವಾರ್ಡನ್ನರ ಬಳಿ ರಜೆ ಕೇಳಲು ಹೋಗಿದ್ದೆ. ಪರೀಕ್ಷೆ ಹತ್ತಿರವಿರುವಾಗ ಊರಿಗೆ ಯಾಕೆ ಎಂದರು.

"ಮನೆಯಲ್ಲಿ ಬಾಗಿಲ ಚಿಲಕ ಸಡಿಲವಾಗಿದೆ, ಮೇಡಂ."

"ಅದಕ್ಕೆ ದುರ್ಗದವರೆಗೆ ನೀನು ಹೋಗಬೇಕೇ? ಯಾರಾದರೂ ಸರಿಮಾಡುತ್ತಾರೆ."

"ಮಾಡಬಹುದು, ಮೇಡಂ. ಮಾಡುವುದನ್ನು ನಾನೇ ನೋಡಬೇಕಾಗಿದೆ" ಎಂದೆ.